ಬೂದಿ ಬಣ್ಣಕ್ಕೆ ತಿರುಗಿದ ಬೈಕ್ ಪ್ಲಾಸ್ಟಿಕ್ಕು ಮತ್ತೆ ಕಪ್ಪಗಾಗ್ಬೇಕಾ? ಮೊದ್ಲು ನಮ್ಮ ಬೋರ್ ನೀರನ್ನ ಅನುಮಾನಿಸಿ

ನಮ್ಮಪ್ಪನ ಬೈಕು 2009ರದ್ದು, ಇಂಜಿನ್ ಇವತ್ತಿಗೂ ಒಂದೇ ಕಿಕ್ಕಿಗೆ ಏಳುತ್ತೆ, ಆದ್ರೆ ಹಿಂದಿನ ಮಡ್‌ಗಾರ್ಡು, ಮಿರರ್ ಕವರ್ರು, ಮೀಟರ್ ಸುತ್ತ ಇರೋ ಪ್ಲಾಸ್ಟಿಕ್ಕು ಎಲ್ಲಾ ವಿಭೂತಿ ಬಳ್ಕೊಂಡಂಗೆ ಆಗಿತ್ತು. ಮಾವಿನ ಸೀಸನ್ನಲ್ಲಿ ಶ್ರೀನಿವಾಸಪುರದ ಮಂಡಿ ಮುಂದೆ ಬೆಳಗ್ಗೆಯಿಂದ ಸಂಜೆವರ್ಗೂ ಬಿಸಿಲಲ್ಲಿ ನಿಲ್ಲೋ ಗಾಡಿ, ಇನ್ನೇನಾಗುತ್ತೆ ಹೇಳಿ. ಮೂರು ಸಲ ಕೆಡಿಸಿ ನಾಲ್ಕನೇ ಸಲಕ್ಕೆ ಸರಿಯಾಯ್ತು, ನೀವು ಮೊದಲನೇ ಸಲಕ್ಕೇ ಸರಿ ಮಾಡ್ಕೊಳ್ಳಿ ಅಂತ ಬರೀತಿದೀನಿ.

ಕೈಗೆ ಸಿಕ್ಕಿದ್ದು ಬಳಿಯೋಕೆ ಮುಂಚೆ ಗಾಡಿನ ಹಗಲು ಬೆಳಕಲ್ಲಿ ನಿಲ್ಸಿ ಸುಮ್ನೆ ನೋಡಿ. ಒಂದೇ ಸಮ ಬೂದಿ ಬಣ್ಣ ಇದ್ದು, ಆಕಾಶ ನೋಡೋ ಭಾಗದಲ್ಲಿ ಜಾಸ್ತಿ, ಸೀಟ್ ಕೆಳಗೆ ನೆರಳಲ್ಲಿರೋ ಕಡೆ ಕಮ್ಮಿ ಇದ್ರೆ ಅದು ಬಿಸಿಲಿನ ಕೆಲ್ಸ. ಚುಕ್ಕಿ ಚುಕ್ಕಿ, ಬಳೆ ಥರ ರೌಂಡು, ಮೇಲಿಂದ ಇಳಿದು ನಿಂತ ಗೆರೆ ಇದ್ರೆ ಅದು ನೀರಿನ ಉಪ್ಪು. ಟ್ಯಾಂಕ್ ಪಕ್ಕದಲ್ಲಿ, ಪ್ಲಾಸ್ಟಿಕ್ಕಿನ ತರಿತರಿ ಸಂದೀಲಿ ಬೆಳ್ಳಗೆ ಕೂತಿದ್ರೆ ಯಾವಾಗ್ಲೋ ಪೇಂಟಿಗೆ ಹಾಕಿದ್ದ ವ್ಯಾಕ್ಸ್ ಪಾಲಿಷು. ನಮ್ಮ ಕೋಲಾರದ ಕಡೆ ವರ್ಷಪೂರ್ತಿ ಹರಿಯೋ ಹೊಳೆ ಅನ್ನೋದೇ ಇಲ್ಲ, ಗಾಡಿ ತೊಳೆಯೋದೂ ಸಾವಿರ ಅಡಿ ಬೋರಿನ ಗಡಸು ನೀರಲ್ಲೇ, ತೊಳೆದು ಬಿಸಿಲಲ್ಲಿ ಒಣಗೋಕೆ ಬಿಟ್ರೆ ಪಾತ್ರೆ ಮೇಲೆ ಕೂರುತ್ತಲ್ಲ ಅದೇ ಸುಣ್ಣ ಇಲ್ಲೂ ಕೂರುತ್ತೆ. ನಮ್ಮ ಗಾಡೀಲಿ ನಾನು ಬಿಸಿಲಿಗೆ ಬಣ್ಣ ಹೋಯ್ತು ಅಂದ್ಕೊಂಡಿದ್ರಲ್ಲಿ ಅರ್ಧ ಇದೇ ಆಗಿತ್ತು.

ಬಿಸಿಲಿಂದ ಏನಾಗುತ್ತೆ ಅಂದ್ರೆ, ಕಪ್ಪು ಎಲ್ಲೂ ಹೋಗಿರಲ್ಲ. ಈ ಪ್ಲಾಸ್ಟಿಕ್ಕಿಗೆ ಮೇಲೆ ಪೇಂಟ್ ಹೊಡೆದಿರಲ್ಲ, ಒಳಗಡೆನೇ ಕಾರ್ಬನ್ ಬ್ಲ್ಯಾಕ್ ಬೆರೆಸಿರ್ತಾರೆ. ಯುವಿ ಕಿರಣ ಬಿದ್ದು ಬಿದ್ದು ಮೇಲಿನ ಪದರ ಕಣ್ಣಿಗೆ ಕಾಣದಷ್ಟು ಸಣ್ಣಗೆ ಬಿರುಕು ಬಿಡುತ್ತೆ, ಬೇಸಿಗೇಲಿ ಕೆರೆ ಅಂಗಳ ಬಿಡಲ್ವಾ ಹಂಗೆ, ಆ ಬಿರುಕಲ್ಲಿ ಬೆಳಕು ಚೆದುರಿ ನಮಗೆ ಬಿಳಿ ಕಾಣುತ್ತೆ. ಒದ್ದೆ ಬಟ್ಟೇಲಿ ಒರೆಸಿ ನೋಡಿ, ತಕ್ಷಣ ಕಪ್ಪಗಾಗಿ ಒಣಗ್ತಿದ್ದಂಗೆ ಮತ್ತೆ ಬೂದಿಯಾದ್ರೆ ಒಳಗೆ ಕಪ್ಪು ಗಟ್ಟಿಯಾಗಿದೆ ಅಂತ ಅರ್ಥ. ನೀರು ಮಾಡಿದ ಕೆಲ್ಸಾನ ಆವಿಯಾಗದೇ ಇರೋದು ಯಾವುದಾದ್ರೂ ಮಾಡ್ಬೇಕು, ಅಷ್ಟೇ.

ಈಗ ಕ್ಲೀನಿಂಗು, ಇದಕ್ಕೆ ಅರ್ಧ ದಿನ ಕೊಡಿ. ಕಳಚೋಕೆ ಬರೋದನ್ನ ಕಳಚಿ, ಬರದೇ ಇದ್ರೆ ಪಕ್ಕದ ಪೇಂಟಿಗೆ ಮಾಸ್ಕಿಂಗ್ ಟೇಪ್ ಅಂಟಿಸಿ. ಪಾತ್ರೆ ತೊಳೆಯೋ ಲಿಕ್ವಿಡ್ಡು, ಉಗುರುಬೆಚ್ಚಗಿನ ನೀರು, ಹಳೇ ಟೂತ್‌ಬ್ರಷ್ಷು, ತರಿತರಿ ಇರೋ ಕಡೆ ಗುಂಡಗೆ ಉಜ್ಜಿ, ನೊರೆ ಕಂದು ಬಣ್ಣ ಬರೋದು ನಿಲ್ಲೋವರ್ಗೂ. ಉಪ್ಪಿನ ಕಲೆಗೆ ವಿನೆಗರ್ ಅರ್ಧ ನೀರು ಅರ್ಧ ಬೆರೆಸಿ ಬಟ್ಟೆ ನೆನೆಸಿ ಐದು ನಿಮಿಷ ಹೊದಿಸಿ, ಆಮೇಲೆ ಚೆನ್ನಾಗಿ ತೊಳೀರಿ, ಅಲ್ಯೂಮಿನಿಯಂ ಮೇಲೆ ಸೋರಿ ನಿಲ್ಲೋಕೆ ಬಿಡ್ಬೇಡಿ. ವ್ಯಾಕ್ಸ್ ಕಲೆಗೆ ಮಕ್ಕಳ ಪೆನ್ಸಿಲ್ ರಬ್ಬರ್ ಸಾಕು, ನಂಬಿ, ಉಜ್ಜಿದ್ರೆ ಉಂಡೆ ಉಂಡೆಯಾಗಿ ಬರುತ್ತೆ. ಕೊನೇ ಜಾಲಾಡೋದು ಮಾತ್ರ ಬೋರ್ ನೀರಲ್ಲಿ ಬೇಡ, ಆರ್‌ಒ ಫಿಲ್ಟರ್ ನೀರು ಎರಡು ಚೊಂಬು ಹಾಕಿ ತಕ್ಷಣ ಒರೆಸಿ. ರಾತ್ರಿಯೆಲ್ಲಾ ಒಣಗ್ಲಿ, ಬೆಳಗ್ಗೆ ಮೊಬೈಲ್ ರಿಪೇರಿಯವ್ರು ಬಳಸೋ ಐಪಿಎ, ಅಂದ್ರೆ ಐಸೊಪ್ರೊಪೈಲ್ ಆಲ್ಕೋಹಾಲ್, ತಂದು ಒಂದು ಸಲ ಒರೆಸಿ. ಪೆಟ್ರೋಲು, ಥಿನ್ನರ್ರು ತಗೋಬೇಡಿ, ಎಬಿಎಸ್ ಅನ್ನೋ ಜಾತಿ ಪ್ಲಾಸ್ಟಿಕ್ ಆದ್ರೆ ಮೇಲ್ಮೈನೇ ತಿಂದಾಕುತ್ತೆ. ಯಾವ ಪ್ಲಾಸ್ಟಿಕ್ ಅಂತ ಭಾಗದ ಒಳಮೈಲಿ ಪಿಪಿ (ಪಾಲಿಪ್ರೊಪಿಲೀನ್) ಅಂತಲೋ ಎಬಿಎಸ್ ಅಂತಲೋ ಸಾಮಾನ್ಯವಾಗಿ ಅಚ್ಚೊತ್ತಿರುತ್ತೆ.

ನನ್ನ ಮೊದಲನೇ ತಪ್ಪು ಕೊಬ್ಬರಿ ಎಣ್ಣೆ. ಎರಡು ದಿನ ಹೊಸ ಗಾಡಿ ಥರ ಫಳಫಳ, ಮೂರನೇ ದಿನ ಕ್ವಾರಿ ಲಾರಿ ಹಿಂದೆ ಹೋಗಿ ಬಂದೆ ನೋಡಿ, ಹಿಟ್ಟಲ್ಲಿ ಹೊರಳಾಡಿದ ವಡೆ. ಎರಡನೇ ಸಲ ವಾಟರ್ ಸರ್ವೀಸಲ್ಲಿ ಯಾವ್ದೋ ಡೀಸೆಲ್ ಮಿಕ್ಸ್ ಹೊಡೆದ್ರು, ಅದೂ ಅದೇ ಕಥೆ. ಮೂರನೇದು ಬಿಸಿ ಗಾಳಿ ಊದೋ ಹೀಟ್ ಗನ್. ಅದು ಕೆಲ್ಸ ಮಾಡುತ್ತೆ, ಸುಳ್ಳಲ್ಲ, ಮೇಲಿನ ಬಿರುಕು ಪದರ ಕರಗಿ ಕೂಡ್ಕೊಂಡು ಕಣ್ಮುಂದೆನೇ ಕಪ್ಪಗಾಗುತ್ತೆ, ಆ ಖುಷೀಲಿ ಒಂದೇ ಕಡೆ ನಾಲ್ಕು ಸೆಕೆಂಡ್ ಜಾಸ್ತಿ ಹಿಡಿದೆ, ಎಡಗಡೆ ಮಿರರ್ ಕವರ್ರು ಕೆಂಡಕ್ಕೆ ಹಿಡಿದ ಹಪ್ಪಳದಂಗೆ ಸುರುಟ್ಕೊಂತು. ಮಾಡೋದೇ ಆದ್ರೆ ಭಾಗ ಕಳಚಿ ಟ್ಯಾಂಕಿಂದ ದೂರ ತಗೊಂಡೋಗಿ, ಒಂದು ಗೇಣು ದೂರದಿಂದ ಕೈ ಆಡಿಸ್ತಾನೇ ಇರಿ. ಬಿಸಿಲು ಮುಂದುವರಿದ್ರೆ ಬೂದಿ ಬಣ್ಣನೂ ವಾಪಸ್ ಬರುತ್ತೆ.

ಕೊನೆಗೆ ನಿಂತಿದ್ದು ಎರಡು. ಒಂದು, ಪ್ಲಾಸ್ಟಿಕ್ಕಿಗೆ ಅಂತಲೇ ಬರೋ ಸಿರಾಮಿಕ್ ಟ್ರಿಮ್ ಕೋಟು, ದುಬಾರಿ, ಆದ್ರೆ ತಿಂಗಳುಗಟ್ಟಲೆ ಬರುತ್ತೆ. ಅಂಗಡೀಲಿ ಅದರ ಪಕ್ಕದಲ್ಲೇ ಇಟ್ಟಿರೋ, ಹೊಳಪಿಗೆ ಹಚ್ಚೋ ಸಿಲಿಕೋನ್ ಡ್ರೆಸ್ಸಿಂಗ್ ಮಳೆ ಬಂದ್ರೆ ತೊಳೆದು ಹೋಗುತ್ತೆ, ಹೊಳಪು ನೋಡಿ ಮೋಸ ಹೋಗ್ಬೇಡಿ. ಮುಂದೆ ಪೇಂಟ್ ಮಾಡ್ಸೋ ಯೋಚನೆ ಇದ್ರಂತೂ ಸಿಲಿಕೋನ್ ಮುಟ್ಲೇಬೇಡಿ, ಪೇಂಟು ಗುಳಿ ಗುಳಿ ಬೀಳುತ್ತೆ. ಇನ್ನೊಂದು, ಬಾಗಿಲಿಗೆ ಹಚ್ಚೋ ಡಬಲ್ ಬಾಯಿಲ್ಡ್ ಲಿನ್‌ಸೀಡ್ ಆಯಿಲ್, ಹಾರ್ಡ್‌ವೇರ್ ಅಂಗಡೀಲಿ ಸಿಗುತ್ತೆ. ಅಗಸೆ ಎಣ್ಣೆನೇ, ಆದ್ರೆ ಕೊಬ್ಬರಿ ಎಣ್ಣೆ ಥರ ಜಿಡ್ಡಾಗಿ ಉಳಿಯಲ್ಲ, ಗಾಳಿಗೆ ಗಟ್ಟಿಯಾಗಿ ಪದರ ಕಟ್ಟುತ್ತೆ. ನಾಲ್ಕೈದು ಹನಿ ಬಟ್ಟೆಗೆ ಹಾಕಿ ತೆಳ್ಳಗೆ ಹಚ್ಚಿ, ಕಾಲು ಗಂಟೆ ಬಿಟ್ಟು ಒಣ ಬಟ್ಟೇಲಿ ಪೂರ್ತಿ ಒರೆಸಿ ತೆಗೀರಿ, ಏನೂ ಉಳಿದಿಲ್ಲ ಅನ್ನಿಸ್ಬೇಕು, ದಪ್ಪ ಬಿಟ್ರೆ ಬೆಲ್ಲದ ಪಾಕದಂಗೆ ಅಂಟುತ್ತೆ. ಒಂದು ದಿನ ಧೂಳಿಲ್ಲದ ಕಡೆ ನಿಲ್ಸಿ, ಬೇಕಂದ್ರೆ ಇನ್ನೊಂದು ಕೋಟ್. ಗ್ರಿಪ್ಪು, ಫುಟ್‌ರೆಸ್ಟು, ಸೀಟು, ಟೈರು, ಬ್ರೇಕ್ ಹತ್ರ ಇದ್ಯಾವುದೂ ಸುಳೀಬಾರ್ದು.

ಆ ಎಣ್ಣೆ ಬಟ್ಟೆನ ಮಾತ್ರ ಮುದ್ದೆ ಮಾಡಿ ಮೂಲೆಗೆ ಎಸೀಬೇಡಿ, ಲಿನ್‌ಸೀಡ್ ಒಣಗೋವಾಗ ಬಿಸಿಯಾಗುತ್ತೆ, ಮುದ್ದೆ ಒಳಗೆ ಆ ಬಿಸಿ ಕೂಡ್ಕೊಂಡು ತಾನಾಗೇ ಬೆಂಕಿ ಹತ್ಕೋಬಹುದು. ಬಕೆಟ್ ನೀರಲ್ಲಿ ಮುಳುಗ್ಸಿ, ಇಲ್ಲಾಂದ್ರೆ ಕಾಂಪೌಂಡ್ ಗೋಡೆ ಮೇಲೆ ಒಂಟಿಯಾಗಿ ಹರಡಿ, ಮೇಲೊಂದು ಕಲ್ಲಿಡಿ.