ಮಾರ್ಚ್ ತಿಂಗಳ ಕಾಲೇಜು ಬ್ಯಾಸ್ಕೆಟ್‌ಬಾಲ್: 1939ರ ಮೊದಲ ಟೂರ್ನಿಯಿಂದ ಇಂದಿನ ಬ್ರಾಕೆಟ್‌ವರೆಗೆ

ಅಮೆರಿಕಕ್ಕೆ ಹೊಸದಾಗಿ ಬಂದ ಕನ್ನಡಿಗರಿಗೆ ಮಾರ್ಚ್ ಮಧ್ಯದಲ್ಲಿ ಸಹೋದ್ಯೋಗಿಗಳು ತುಂಬಲು ಕೊಡುವ 'ಬ್ರಾಕೆಟ್' ಎಂಬ ಹಾಳೆ ಒಗಟಿನಂತೆ ಕಾಣುವುದು ಸಹಜ. ಅದು ಅಮೆರಿಕದ ಕಾಲೇಜು ಕ್ರೀಡೆಗಳ ರಾಷ್ಟ್ರೀಯ ಸಂಸ್ಥೆಯಾದ ಎನ್‌ಸಿಎಎ ನಡೆಸುವ ಕಾಲೇಜು ಬ್ಯಾಸ್ಕೆಟ್‌ಬಾಲ್ ಟೂರ್ನಿಯ ಪಂದ್ಯಪಟ್ಟಿ. ಆಟದ ನಿಯಮಗಳಿಗಿಂತ, ಯಾವ ತಂಡಕ್ಕೆ ಪ್ರವೇಶ ದೊರೆಯಿತು, ಯಾವುದಕ್ಕೆ ತಪ್ಪಿತು ಎಂಬುದೇ ಇಲ್ಲಿ ದೊಡ್ಡ ಚರ್ಚೆ. ಆ ಚರ್ಚೆಯ ಮೂಲವನ್ನು ಟೂರ್ನಿಯ ಆರಂಭದಲ್ಲಿಯೇ ಕಾಣಬಹುದು.

ಮೊದಲ ಟೂರ್ನಿಯನ್ನು 1939ರಲ್ಲಿ, ಓಹಾಯೋ ಸ್ಟೇಟ್ ವಿಶ್ವವಿದ್ಯಾಲಯದ ಕೋಚ್ ಹೆರಾಲ್ಡ್ ಓಲ್ಸನ್ ಅವರ ಒತ್ತಾಸೆಯಿಂದ, ಕೋಚ್‌ಗಳ ಸಂಘವೇ ನಡೆಸಿತು. ದೇಶವನ್ನು ಎಂಟು ಜಿಲ್ಲೆಗಳಾಗಿ ವಿಂಗಡಿಸಿ, ಪ್ರತಿ ಜಿಲ್ಲೆಯಿಂದ ಒಂದೇ ತಂಡವನ್ನು ಆರಿಸಲಾಯಿತು. ವಲಯಗಳಾಗಿ ಆರಂಭವಾದ ನಮ್ಮ ರಣಜಿ ಟ್ರೋಫಿಯನ್ನು ನೆನೆದರೆ ಈ ಕ್ರಮ ಅಪರಿಚಿತವೆನಿಸದು. ಪೂರ್ವದ ನಾಲ್ಕು ತಂಡಗಳು ಫಿಲಡೆಲ್ಫಿಯಾದಲ್ಲಿ, ಪಶ್ಚಿಮದ ನಾಲ್ಕು ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಆಡಿದವು. ಮಾರ್ಚ್ 27ರಂದು ಇಲಿನಾಯ್‌ನ ಇವಾನ್‌ಸ್ಟನ್‌ನಲ್ಲಿ ನಡೆದ ಫೈನಲ್‌ನಲ್ಲಿ ಹೋವರ್ಡ್ ಹಾಬ್ಸನ್ ತರಬೇತಿಯ ಒರೆಗಾನ್ ತಂಡ ಓಹಾಯೋ ಸ್ಟೇಟನ್ನು 46–33ರಿಂದ ಸೋಲಿಸಿತು. ಚೆಂಡಿಗಾಗಿ ಅಂಕಣದ ಹೊರಕ್ಕೆ ಧುಮುಕಿದ ಒರೆಗಾನ್ ನಾಯಕ ಬಾಬಿ ಆನೆಟ್ ಡಿಕ್ಕಿ ಹೊಡೆದ ರಭಸಕ್ಕೆ ಟ್ರೋಫಿಯ ಮೇಲಿನ ಪುತ್ಥಳಿ ಮುರಿದುಬಿತ್ತು. ಆಮೇಲೆ ಅವರ ತಂಡಕ್ಕೆ ದಕ್ಕಿದ್ದು ಆ ಮುರಿದ ಟ್ರೋಫಿಯೇ. ಹಣದ ಲೆಕ್ಕದಲ್ಲಿಯೂ ಟೂರ್ನಿ ಸುಮಾರು 2,500 ಡಾಲರ್ ನಷ್ಟ ಕಂಡಿತು, ಆ ಬಳಿಕ ಹೊಣೆಯನ್ನು ಎನ್‌ಸಿಎಎ ವಹಿಸಿಕೊಂಡಿತು. ಇಂದು ಆ ಸಂಸ್ಥೆಯ ಆದಾಯದ ಬಹುಪಾಲು ಇದೇ ಟೂರ್ನಿಯಿಂದ ಬರುತ್ತದೆ.

ಆ ದಿನಗಳಲ್ಲಿ ಹೆಚ್ಚಿನ ಮೆರುಗಿದ್ದುದು 1938ರಲ್ಲಿ ನ್ಯೂಯಾರ್ಕಿನ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್‌ನಲ್ಲಿ ಆರಂಭವಾದ ಎನ್‌ಐಟಿ (ನ್ಯಾಷನಲ್ ಇನ್ವಿಟೇಶನ್ ಟೂರ್ನಮೆಂಟ್) ಎಂಬ ಇನ್ನೊಂದು ಟೂರ್ನಿಗೆ. 1950ರಲ್ಲಿ ನ್ಯೂಯಾರ್ಕ್ ಸಿಟಿ ಕಾಲೇಜು ಎರಡನ್ನೂ ಒಂದೇ ವರ್ಷ ಗೆದ್ದಿತು. 1970ರಲ್ಲಿ, ತಮ್ಮನ್ನು ದೂರದ ವಲಯಕ್ಕೆ ಹಾಕಿದರೆಂಬ ಮುನಿಸಿನಿಂದ ಮಾರ್ಕೆಟ್ ವಿಶ್ವವಿದ್ಯಾಲಯದ ಕೋಚ್ ಅಲ್ ಮೆಕ್‌ಗ್ವಾಯರ್ ಎನ್‌ಸಿಎಎ ಆಹ್ವಾನವನ್ನೇ ನಿರಾಕರಿಸಿ, ಎನ್‌ಐಟಿಗೆ ಹೋಗಿ ಗೆದ್ದು ಬಂದರು. ಆಯ್ಕೆ ಸಮಿತಿಯ ತೀರ್ಮಾನಕ್ಕೆ ಇಂಥ ಉತ್ತರ ಕೊಡುವ ಅವಕಾಶ ಈಗ ಯಾರಿಗೂ ಇಲ್ಲ.

ಇನ್ನೊಂದು ಬಿಗಿ ನಿಯಮದ ಪ್ರಕಾರ, ಕಾನ್ಫರೆನ್ಸ್ ಎಂದು ಕರೆಯುವ ಪ್ರತಿ ಕಾಲೇಜು ಒಕ್ಕೂಟದಿಂದ ಒಂದೇ ತಂಡ ಬರಬೇಕಿತ್ತು. 1974ರಲ್ಲಿ ಎಸಿಸಿ (ಅಟ್ಲಾಂಟಿಕ್ ಕೋಸ್ಟ್ ಕಾನ್ಫರೆನ್ಸ್) ಎಂಬ ಒಕ್ಕೂಟದ ಫೈನಲ್‌ನಲ್ಲಿ ಹೆಚ್ಚುವರಿ ಅವಧಿಯಲ್ಲಿ 103–100ರಿಂದ ಸೋತ ಮೇರಿಲ್ಯಾಂಡ್, ದೇಶದ ಅತ್ಯುತ್ತಮ ತಂಡಗಳಲ್ಲಿ ಒಂದಾಗಿದ್ದರೂ ಎನ್‌ಸಿಎಎ ಟೂರ್ನಿಯಿಂದ ಹೊರಗುಳಿಯಿತು. ಮರುವರ್ಷ ತಂಡಗಳ ಸಂಖ್ಯೆ 32ಕ್ಕೆ ಏರಿದಾಗ ಈ ನಿಯಮ ಸಡಿಲಗೊಂಡಿತು. ನನ್ನ ಮಟ್ಟಿಗೆ, ಇಂದಿನ ಟೂರ್ನಿಯ ಸ್ವರೂಪವನ್ನು ನಿರ್ಧರಿಸಿದ್ದು 1939ಕ್ಕಿಂತ ಹೆಚ್ಚಾಗಿ ಈ ಬದಲಾವಣೆ. ಸಂಖ್ಯೆ 1985ರಲ್ಲಿ 64, 2011ರಲ್ಲಿ 68 ಆಯಿತು.

ಈಗ ಒಕ್ಕೂಟದ ಚಾಂಪಿಯನ್‌ಗಳಿಗೆ ನೇರ ಪ್ರವೇಶವಿದ್ದು, ಉಳಿದ ತಂಡಗಳನ್ನು ಸಮಿತಿ ಆರಿಸಿ, 'ಸೆಲೆಕ್ಷನ್ ಸಂಡೇ' ಸಂಜೆ ಪಟ್ಟಿ ಪ್ರಕಟಿಸುತ್ತದೆ. ನಾಲ್ಕು ವಲಯಗಳಲ್ಲಿಯೂ ತಂಡಗಳಿಗೆ 1ರಿಂದ 16ರವರೆಗೆ ಶ್ರೇಯಾಂಕವಿದ್ದು, ಮೊದಲನೆಯದು ಹದಿನಾರನೆಯದನ್ನು, ಐದನೆಯದು ಹನ್ನೆರಡನೆಯದನ್ನು ಎದುರಿಸುತ್ತದೆ. ಒಂದು ಸೋಲು ಕಂಡರೆ ಮನೆಯ ದಾರಿ. 2018ರಲ್ಲಿ ಹದಿನಾರನೇ ಶ್ರೇಯಾಂಕದ ಯುಎಂಬಿಸಿ (ಮೇರಿಲ್ಯಾಂಡ್ ವಿಶ್ವವಿದ್ಯಾಲಯ, ಬಾಲ್ಟಿಮೋರ್ ಕೌಂಟಿ) ಅಗ್ರ ಶ್ರೇಯಾಂಕದ ವರ್ಜೀನಿಯಾವನ್ನು ಮಣಿಸಿತ್ತು. ಪುರುಷರ ಟೂರ್ನಿಯಲ್ಲಿ ಅಂಥದ್ದು ಅದೇ ಮೊದಲು. ಹಾಗಾಗಿ ಹಾಳೆ ತುಂಬುವಾಗ ಅಗ್ರ ತಂಡಗಳನ್ನು ಮೊದಲ ಸುತ್ತಿನಲ್ಲಿ ನಂಬಿ, 5–12ರ ಪಂದ್ಯಗಳಲ್ಲಿ ಒಂದೆರಡು ಅಚ್ಚರಿಗಳಿಗೆ ಜಾಗ ಬಿಡುವುದು ಲೇಸು. ಮೊದಲ ಸುತ್ತಿನ ಮುಖ್ಯ ಪಂದ್ಯಗಳು ಗುರುವಾರ ಮಧ್ಯಾಹ್ನವೇ ಶುರುವಾಗುವುದರಿಂದ, ಹಾಳೆಯನ್ನು ಅದಕ್ಕೂ ಮೊದಲೇ ಒಪ್ಪಿಸಬೇಕು. ಹಣ ಕಟ್ಟುವ ಪಂಥವಾದರೆ, ರಾಜ್ಯದ ಕಾನೂನನ್ನೂ ಕಂಪನಿಯ ನಿಯಮವನ್ನೂ ಮೊದಲು ವಿಚಾರಿಸಿಕೊಳ್ಳಿ.