ಕೇಳುಗರೇ ಮೊದಲು ದುಡ್ಡಿಟ್ಟರೆ: ನನ್ನ ಅನುಭವ

ಕೇಳುಗರು ಮೊದಲೇ ದುಡ್ಡು ಹಾಕಿ ಸಣ್ಣ ಹಾಲ್‌ನಲ್ಲಿ ಸಂಗೀತದ ಶೋ ಮಾಡಿಸುವುದು ಆಗದ ಮಾತು ಎಂದು ಎಲ್ಲರೂ ಹೇಳಿದ್ದರು. ಆಯಿತು. ಹೆಚ್ಚುಕಡಿಮೆ ಎರಡು ವರ್ಷದಿಂದ, ಯಾರೂ ಬಾರದ ವಾರದ ನಡುವಿನ ಶೋಗಳನ್ನು ನಾವು ಕೇಳುಗರೇ ನಡೆಸಿಕೊಂಡು ಬಂದಿದ್ದೇವೆ.

ಮೊದಲು ಕೈಕೊಟ್ಟ ದಾರಿಗಳನ್ನು ಹೇಳುತ್ತೇನೆ. ಪುಕ್ಕಟೆ ಪಾಸ್ ಹಂಚಿದೆವು. ತೆಗೆದುಕೊಂಡವರಲ್ಲಿ ಅರ್ಧಕ್ಕರ್ಧ ಜನ ಬರಲಿಲ್ಲ. ಬಂದವರು ಹಿಂದೆ ನಿಂತು ಹರಟೆ ಹೊಡೆದರು. ಆಮೇಲೆ ಶೋ ಮುಗಿದಾಗ ಡಬ್ಬಿ ಹಿಡಿದು ತಿರುಗಿದೆವು. ಬಿದ್ದ ದುಡ್ಡು ನಾಲ್ಕು ಜನರ ಬ್ಯಾಂಡಿಗೆ ಬಂದು ಹೋಗುವ ಖರ್ಚಿಗೂ ಸಾಲಲಿಲ್ಲ. ವೀಡಿಯೋ ಹಾಕಿದ್ದಕ್ಕೆ ಲೈಕ್ ರಾಶಿ ಬಿದ್ದವು, ಬಾಗಿಲಲ್ಲಿ ಟಿಕೆಟ್ ಮಾತ್ರ ಏರಲಿಲ್ಲ.

ತೊಂದರೆ ಎಲ್ಲಿದೆ ಅಂತ ನಿಮಗೂ ಗೊತ್ತು. ಹಾಲ್ ಬಾಡಿಗೆ, ಸೌಂಡ್ ನೋಡುವವರ ಕೂಲಿ, ಕರೆಂಟು ಇವೆಲ್ಲ ಹತ್ತು ಜನ ಬಂದರೂ ಅಷ್ಟೇ, ಎಂಬತ್ತು ಜನ ಬಂದರೂ ಅಷ್ಟೇ. ಟಿಕೆಟ್ ದುಡ್ಡಲ್ಲಿ ಪಾಲು ಎಂದು ಮಾತಾದರೆ ಜನ ಬಾರದ ದಿನದ ನಷ್ಟ ಹಾಡುವವರ ತಲೆಗೆ. ಹಾಗಾಗಿ ಸುಮಾರು ಮೂವತ್ತು ಜನ ಸೇರಿ, ತಿಂಗಳಿಗೆ ಒಂದು ಟಿಕೆಟಿನ ಬೆಲೆಯನ್ನು ಮೊದಲೇ ಒಟ್ಟು ಹಾಕಿದೆವು. ಯಾರ ಶೋ ಎಂದು ಕೇಳದೆ ಹಾಕಬೇಕು, ಅದೇ ಷರತ್ತು. ಬರಲಾಗದಿದ್ದರೆ ದುಡ್ಡು ವಾಪಸ್ ಇಲ್ಲ, ಸೀಟನ್ನು ಬೇರೆಯವರಿಗೆ ಕೊಡಬಹುದು. ಒಟ್ಟಾದ ಹಣ ಶೋಗೆ ವಾರ ಮೊದಲೇ ಕಲಾವಿದರ ಕೈಸೇರುತ್ತದೆ. ಬಾಗಿಲಲ್ಲಿ ಮಾರಿದ ಟಿಕೆಟಿನಿಂದ ಹಾಲ್ ಖರ್ಚು ಕಳೆದು, ಉಳಿದರೆ ಕಲಾವಿದರಿಗೂ ಹಾಲ್‌ನವರಿಗೂ ಪಾಲು.

ಮೂರು ತಿಂಗಳೂ ನಡೆಯಲ್ಲ ಎಂದು ಹಾಲ್ ಮಾಲೀಕರು ನಕ್ಕಿದ್ದರು. ನಾಲ್ಕನೇ ತಿಂಗಳಿಗೆ ಗುಂಪು ಹದಿನೆಂಟರ ಹತ್ತಿರಕ್ಕೆ ಇಳಿದದ್ದೂ ನಿಜ. ಬಿಟ್ಟವರನ್ನು ಕೇಳಿದಾಗ ಗೊತ್ತಾಯಿತು, ಅವರಿಗೆ ದುಡ್ಡಿನ ಚಿಂತೆ ಇರಲಿಲ್ಲ, ಶೋ ತಡವಾಗುತ್ತಿತ್ತು. ಹೇಳಿದ ಹೊತ್ತಿಗೆ ಶುರು, ಕೊನೆ ಬಸ್ಸಿಗೆ ಮುಂಚೆ ಮುಕ್ತಾಯ ಎಂದು ಪಟ್ಟು ಹಿಡಿದೆವು. ಗುಂಪು ಮತ್ತೆ ಬೆಳೆಯಿತು. ಮೊದಲು ಆ ದಿನಗಳಲ್ಲಿ ಸಿಗುತ್ತಿದ್ದುದಕ್ಕಿಂತ ಈಗ ಕಲಾವಿದರಿಗೆ ಮೂರು ಪಟ್ಟಾದರೂ ಸಿಗುತ್ತದೆ. ಮುಂದಿನ ತಿಂಗಳು ಯಾವ ದಿನ ಬೇಕು ಅಂತ ಅದೇ ಮಾಲೀಕರು ಈಗ ತಾವೇ ಫೋನ್ ಮಾಡುತ್ತಾರೆ! ಹಾಲ್ ಖರ್ಚು ನೋಡಲು ಅವರಿಂದ ಲೆಕ್ಕದ ಪುಸ್ತಕ ತೆರೆಸಿದ್ದು ಹೇಗೆ ಎಂಬುದನ್ನು ಇಲ್ಲಿ ಬರೆಯುವುದಿಲ್ಲ. ಎದುರು ಸಿಕ್ಕವರಿಗೆ ಹೇಳುತ್ತೇನೆ.

ನಡುವೆ ಕಿವಿಗೆ ಹಾಕುವ ಪ್ಲಗ್‌ಗಳನ್ನೂ ಇಟ್ಟು ನೋಡಿದೆ. ಕೆಲಸದ ಜಾಗದ ಸುರಕ್ಷತೆ, ಆರೋಗ್ಯ ನೋಡುವ ಅಮೆರಿಕದ ನಿಯೋಶ್ ಸಂಸ್ಥೆಯ ಲೆಕ್ಕದಲ್ಲಿ, 85 ಡೆಸಿಬೆಲ್ ಸದ್ದನ್ನು ಕಿವಿಗೆ ಅಪಾಯವಾಗದಂತೆ ಕೇಳಲು ದಿನಕ್ಕೆ 8 ಗಂಟೆ ಮಿತಿ. ಪ್ರತಿ 3 ಡೆಸಿಬೆಲ್ ಏರಿಕೆಗೆ ಆ ಸಮಯ ಅರ್ಧವಾಗುತ್ತದೆ. 100ಕ್ಕೆ ಉಳಿಯುವುದು 15 ನಿಮಿಷ. ಡ್ರಮ್ಸ್ ಇರುವ ಸಣ್ಣ ಹಾಲ್‌ನಲ್ಲಿ ಅಷ್ಟು ಏರುವುದು ಸುಲಭ, ಅಲ್ವಾ? ಪ್ಲಗ್ ಇಟ್ಟ ಮೇಲೆ ವಯಸ್ಸಾದವರು ಮಧ್ಯದಲ್ಲಿ ಎದ್ದು ಹೋಗುವುದು ತುಂಬಾ ಕಮ್ಮಿಯಾಯಿತು. ಫೋನ್ ಒಳಗಿಡಿ ಎಂದು ಬೋರ್ಡ್ ಹಾಕಿದ್ದು ಮಾತ್ರ ಸುಮ್ನೆ ಖರ್ಚು. ನಮ್ಮವರು ಮುಂದಿನ ಸಾಲಲ್ಲಿ ಫೋನ್ ತೆಗೆಯದೆ ಕೂತರು, ಹಿಂದಿನವರೂ ನೋಡಿ ಕಲಿತರು.

ಇನ್ನು ಸಿಡಿ, ಟೀ ಶರ್ಟ್ ಮಾತು. ಮನೆಗೆ ಹೋಗಿ ಆನ್‌ಲೈನ್‌ನಲ್ಲಿ ಕೇಳುತ್ತೇನೆ ಎನ್ನುವುದರಿಂದ ಸಣ್ಣ ಕಲಾವಿದರಿಗೆ ಏನೂ ಸಿಗದೆ ಹೋಗಬಹುದು. ಸ್ಪಾಟಿಫೈನಲ್ಲಿ 2024ರಿಂದ, ಹಿಂದಿನ 12 ತಿಂಗಳಲ್ಲಿ ಕನಿಷ್ಠ 1,000 ಸಲ ಪ್ಲೇ ಆಗದ ಹಾಡಿಗೆ ರಾಯಲ್ಟಿ ಲೆಕ್ಕವೇ ಇಲ್ಲ. ಸಿಡಿ, ಟೀ ಶರ್ಟನ್ನು ಶೋ ನಡೆವಲ್ಲಿ ಕಲಾವಿದರ ಟೇಬಲ್ಲಿನಲ್ಲೇ ಕೊಳ್ಳಿ. ಕೆಲವು ಹಾಲ್‌ನವರು ಆ ಮಾರಾಟದಲ್ಲೂ ಪಾಲು ಕೇಳುತ್ತಾರೆ. ನಮ್ಮ ಹಾಲ್‌ನವರು ಅದನ್ನು ಬಿಟ್ಟುಕೊಟ್ಟರು. ನಮ್ಮ ಗುಂಪು ಬೇಗ ಬಂದು ಅವರ ಕೌಂಟರಿನಲ್ಲೂ ಧಾರಾಳವಾಗಿ ಖರ್ಚು ಮಾಡುತ್ತದೆ. ಕಲಾವಿದರ ಜೊತೆ ಹಾಲ್ ಕೂಡ ಬದುಕಬೇಕು.

ಈಗ ಇನ್ನೊಂದು ಹಾಲ್‌ನವರು ಕೇಳುತ್ತಿದ್ದಾರೆ. ಅಲ್ಲಿಗೆ ಬೇರೆಯೇ ಮೂವತ್ತು ಜನರನ್ನು ಹುಡುಕುತ್ತಿದ್ದೇನೆ. ಇದೇ ಗುಂಪನ್ನು ಒಡೆದು ಹಂಚಿದರೆ ಎರಡೂ ಕಡೆ ಕುರ್ಚಿ ಖಾಲಿ ಬೀಳುತ್ತವೆ.