ಹಸಿರು, ಕೆಂಪು ಬಿಟ್ಟು ಏರಿಕೆ, ಇಳಿಕೆ

ಶಿವಮೊಗ್ಗದ ಮಂಡಿ ವರ್ತಕರೊಬ್ಬರಿಗೆ ಅಡಿಕೆ ಧಾರಣೆಯ ವೆಬ್ ಪುಟ ಮಾಡಿಕೊಟ್ಟಿದ್ದೆ. ರಾಶಿ, ಬೆಟ್ಟೆ, ಸರಕು, ಗೊರಬಲು ಎಂದು ಅಡಿಕೆಯ ಬಗೆಗೊಂದರಂತೆ ನಾಲ್ಕು ಸಾಲು. ಧಾರಣೆ ಏರಿದ ಸಾಲಿಗೆ ‘ಗ್ರೀನ್’, ಇಳಿದದ್ದಕ್ಕೆ ‘ರೆಡ್’ ಎಂದು ಕ್ಲಾಸ್ ಹೆಸರು ಕೊಟ್ಟೆ. ಕ್ಲಾಸ್ ಎಂದರೆ ಪುಟದ ಒಂದು ಭಾಗಕ್ಕೆ ಕೋಡ್ ಒಳಗೆ ಇಡುವ ಹೆಸರು, ಬಣ್ಣ ಮತ್ತು ರೂಪವನ್ನು ಆ ಹೆಸರು ಹಿಡಿದೇ ಕೊಡುವುದು. ಕಾಲಂಗಳಿಗೆ ‘ಕಾಲ್-1’, ‘ಕಾಲ್-2’ ಎಂದು ಸಂಖ್ಯೆ ಹಾಕಿದೆ.

ಕೆಲವು ತಿಂಗಳಾದ ಮೇಲೆ ವರ್ತಕರು ಕರೆ ಮಾಡಿದರು: “ನಮ್ಮಣ್ಣನಿಗೆ ಹಸಿರು, ಕೆಂಪು ಎರಡೂ ಒಂದೇ ಥರ ಕಾಣುತ್ತವೆ. ಬಣ್ಣ ಬದಲಿಸಿಕೊಡಿ.” ನೀಲಿ ಮತ್ತು ಕಿತ್ತಳೆ ಹಾಕಿದೆ, ಪಕ್ಕದಲ್ಲಿ ಬಾಣದ ಗುರುತನ್ನೂ ಸೇರಿಸಿದೆ. ಈಗ ಪುಟದ ಬಣ್ಣ, ರೂಪ ಬರೆದಿಡುವ ಸ್ಟೈಲ್ ಶೀಟ್‌ನಲ್ಲಿ ‘ಗ್ರೀನ್’ ಎಂಬ ಹೆಸರಿನಡಿ ನೀಲಿ ಬಣ್ಣವಿತ್ತು. ಮುಂದೆ ಆ ಕಡತ ತೆರೆಯುವವರು ಯಾವುದನ್ನು ನಂಬಬೇಕು?

ಅದಕ್ಕಿಂತ ದೊಡ್ಡ ತೊಂದರೆ ಬಂದದ್ದು ಆವಕದ, ಅಂದರೆ ಮಂಡಿಗೆ ಬಂದ ಮಾಲಿನ, ಕಾಲಂ ಸೇರಿಸಿದ ದಿನ. ಕನಿಷ್ಠ ದರದ ‘ಕಾಲ್-2’ಗೆ ರೂಪಾಯಿ ಚಿಹ್ನೆ ತಾನಾಗಿಯೇ ಬರುವಂತೆ ಸ್ಟೈಲ್ ಬರೆದಿದ್ದೆ. ಎರಡನೆಯ ಜಾಗಕ್ಕೆ ಆವಕ ಬಂತು, ಉಳಿದವುಗಳ ಸಂಖ್ಯೆ ಒಂದೊಂದು ಮುಂದೆ ಹೋಯಿತು, ಸ್ಟೈಲ್ ಮಾತ್ರ ಹಳೆಯದೇ ಉಳಿಯಿತು. 312 ಚೀಲ ಬಂದಿದ್ದರೆ ಪುಟದಲ್ಲಿ ‘₹312’ ಎಂದು ಕಾಣುತ್ತಿತ್ತು. ತೋಟದಲ್ಲಿ ನಿಂತು ಮೊಬೈಲ್‌ನಲ್ಲಿ ಧಾರಣೆ ನೋಡುವ ಬೆಳೆಗಾರನಿಗೆ ಅಂಥ ತಪ್ಪು ತೋರಿಸಿದ್ದು ನನ್ನನ್ನು ಬಹಳ ನೋಯಿಸಿತು.

ಅಂದು ರಾತ್ರಿಯೇ ಹೆಸರುಗಳನ್ನು ಒಂದೊಂದಾಗಿ ಬದಲಿಸಿದೆ: ಏರಿಕೆ, ಇಳಿಕೆ, ಆವಕ, ಕನಿಷ್ಠ, ಗರಿಷ್ಠ. ವೆಬ್ ಪುಟ ಬರೆಯುವ ಭಾಷೆಯಾದ ಎಚ್‌ಟಿಎಂಎಲ್‌ನ ಅಧಿಕೃತ ನಿರ್ದಿಷ್ಟತೆಯೂ ಇದನ್ನೇ ಹೇಳುತ್ತದೆ: ಕ್ಲಾಸ್‌ಗೆ ಯಾವ ಹೆಸರನ್ನಾದರೂ ಇಡಬಹುದು, ಆದರೆ ಅದು ಹೇಗೆ ಕಾಣಬೇಕೆಂಬುದಕ್ಕಿಂತ ಒಳಗಿರುವುದು ಏನೆಂಬುದನ್ನು ತಿಳಿಸಲಿ. ಅದನ್ನು ಮೊದಲೇ ಓದಿದ್ದೆ. ಅರ್ಥವಾದದ್ದು ಆ ಮುನ್ನೂರ ಹನ್ನೆರಡು ಚೀಲದಿಂದ. ಹೆಸರಿಗಾಗಿ ನಾನು ತಡಕಾಡಬೇಕಾಗಿಯೂ ಇರಲಿಲ್ಲ, ಮಂಡಿಯವರ ಬಾಯಲ್ಲಿ ಅವೆಲ್ಲ ಆಗಲೇ ಇದ್ದವು.

ಮೊದಲು ಈ ಹೆಸರುಗಳನ್ನೂ ಸಾಲುಗಳಿಗೆ ಅಡಿಕೆಯ ಬಗೆಗಳ ಹೆಸರುಗಳನ್ನೂ ಕನ್ನಡ ಲಿಪಿಯಲ್ಲೇ ಇಟ್ಟೆ. ಸ್ಟೈಲ್ ಬರೆಯುವ ಭಾಷೆಯಾದ ಸಿಎಸ್ಎಸ್ ಅದನ್ನು ಒಪ್ಪುತ್ತದೆ. ನಡುವೆ ಖಾಲಿ ಜಾಗ ಬಿಟ್ಟರೆ ಎರಡು ಕ್ಲಾಸ್ ಆಗುವುದರಿಂದ ‘ಮಾದರಿ-ದರ’ಕ್ಕೆ (ಹೆಚ್ಚು ಮಾಲು ಮಾರಾಟವಾದ ದರ) ಅಡ್ಡಗೆರೆ ಹಾಕಿದೆ. ಎಲ್ಲವೂ ನಡೆಯಿತು, ‘ಗೊರಬಲು’ ಒಂದನ್ನು ಬಿಟ್ಟು. ಆ ಸಾಲಿಗೆ ಸ್ಟೈಲ್ ಹತ್ತಲೇ ಇಲ್ಲ. ಅಕ್ಷರ ಅಕ್ಷರ ಹೋಲಿಸಿದರೂ ವ್ಯತ್ಯಾಸ ಕಾಣಲಿಲ್ಲ. ಕೊನೆಗೆ ಅಕ್ಷರಗಳ ಹಿಂದಿನ ಸಂಕೇತಗಳನ್ನು ತೆರೆದು ನೋಡಿದಾಗ ಗುಟ್ಟು ಸಿಕ್ಕಿತು. ಕಂಪ್ಯೂಟರಿನಲ್ಲಿ ಅಕ್ಷರಗಳಿಗೆ ಸಂಕೇತ ಕೊಡುವ ವ್ಯವಸ್ಥೆಯಾದ ಯೂನಿಕೋಡ್‌ನಲ್ಲಿ ‘ಗೊ’ದ ಒತ್ವವನ್ನು ಒಂದೇ ಸಂಕೇತವಾಗಿಯೂ ಬರೆಯಬಹುದು, ಎತ್ವ ಮತ್ತು ಊತ್ವದ ಎರಡು ಸಂಕೇತಗಳನ್ನು ಕೂಡಿಸಿಯೂ ಬರೆಯಬಹುದು. ಕಣ್ಣಿಗೆ ಎರಡೂ ಒಂದೇ, ಬ್ರೌಸರ್‌ಗೆ ಬೇರೆ ಬೇರೆ. ಬೇರೆ ಕಡೆಯಿಂದ ನಕಲು ಮಾಡಿ ಅಂಟಿಸಿದ ಪದ ಅದಾಗಿತ್ತು.

ಹಾಗಾಗಿ ಈಗ ಪದ ಕನ್ನಡದ್ದೇ, ಕಾಗುಣಿತ ಮಾತ್ರ ರೋಮನ್ ಲಿಪಿಯದು. ಕಳೆದ ತಿಂಗಳು ಆ ಪುಟವನ್ನು ಇನ್ನೊಬ್ಬ ಹುಡುಗನಿಗೆ ಒಪ್ಪಿಸಿದೆ. ಸಾಗರದ ಅಡಿಕೆ ಮನೆತನದವನು. ಕಡತ ತೆರೆದವನು ನನ್ನನ್ನು ಏನೂ ಕೇಳದೆ ‘ಚಾಲಿ’ ಎಂಬ ಅಡಿಕೆ ಬಗೆಯ ಸಾಲು ಸೇರಿಸಿದ.